ಹಲ್ಲಿನ ಹಾಲಮ್ಮನ ಮನೆ

ನಮ್ಮ ಮನೆಗೆ ಬರುತ್ತಿದ್ದವರಲ್ಲಿ ಅರ್ಧ ಮಂದಿ ಕೆನ್ನೆ ಹಿಡಿದುಕೊಂಡೇ ಬರುತ್ತಿದ್ದರು. ಹೊಳಲ್ಕೆರೆಯ ಮಾರ್ಕೆಟ್ ಯಾರ್ಡಿನ ಹಿಂದೆ ಒಂದು ಓಣಿ. ಓಣಿಯ ಬಾಯಲ್ಲಿ ಅಪ್ಪನ ಸೈಕಲ್ ಶಾಪು, ಕೊನೆಯಲ್ಲಿ ನಮ್ಮ ಹಂಚಿನ ಮನೆ. ಪಂಕ್ಚರ್ ಹಾಕಿಸಲು ಬಂದವರು ಅಪ್ಪನ ಹತ್ತಿರ ನಿಲ್ಲುತ್ತಿದ್ದರು, ಹಲ್ಲುನೋವಿನವರು ನೆಟ್ಟಗೆ ಮುಂದಕ್ಕೆ ನಡೆಯುತ್ತಿದ್ದರು. ಕೆನ್ನೆ ಊದಿದವರನ್ನು ಕಂಡರೆ ಅಪ್ಪ ಏನು ಎತ್ತ ಎಂದು ಕೇಳುತ್ತಲೂ ಇರಲಿಲ್ಲ, ಕೈಯಲ್ಲಿದ್ದ ಸ್ಪ್ಯಾನರಿನಿಂದಲೇ ದಾರಿ ತೋರಿಸಿಬಿಡುತ್ತಿದ್ದ. ಅಪ್ಪನ ತಾಯಿ, ನನ್ನ ಅಜ್ಜಿ, ಹೆಸರು ಹಾಲಮ್ಮ. ಊರು ಅವಳನ್ನು ಹಲ್ಲಿನ ಹಾಲಮ್ಮ ಎಂದೇ ಕರೆಯುತ್ತಿತ್ತು. ಅವಳ ಬಾಯಲ್ಲಿ ಒಂದು ಹಲ್ಲೂ ಉಳಿದಿರಲಿಲ್ಲ. ಅದು ಅವಳ ವಿದ್ಯೆಗೆ ಕುಂದು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಪಡಸಾಲೆಯ ಕಿಟಕಿಯ ಕೆಳಗೆ ಅಜ್ಜಿಯ ಚಾಪೆ, ಚಾಪೆಯ ಮೇಲೆ ಅವಳ ಸಂಚಿ. ಎಲೆಗೊಂದು ಅರೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಕಡ್ಡಿಪುಡಿಗೊಂದು, ಹೀಗೆ ಬಟ್ಟೆಯಲ್ಲೇ ಅರೆಗಳನ್ನು ಹೊಲಿದ ಚೀಲ ಅದು. ಹೊಗೆಸೊಪ್ಪಿನ ಕಡ್ಡಿ ಒಣಗಿಸಿ ಪುಡಿ ಮಾಡಿದ್ದೇ ಕಡ್ಡಿಪುಡಿ. ಎಲೆ ಅಡಿಕೆಯ ಜೊತೆ ಒಂದು ಚಿಟಿಕೆ ಅದು ಸೇರದಿದ್ದರೆ ನಮ್ಮ ಕಡೆಯವರಿಗೆ ಹಾಕಿಕೊಂಡ ಹಾಗೇ ಆಗುವುದಿಲ್ಲ. ಹಲ್ಲುನೋವಿನ ಮಗು ಅಳುತ್ತಾ ಬಂದರೆ ಅಜ್ಜಿ ಅದರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಮೊದಲು ಒಂದಿಷ್ಟು ಹೊತ್ತು ಕೂದಲು ನೇವರಿಸುತ್ತಿದ್ದಳು. ಆಮೇಲೆ ಲವಂಗ ಜಜ್ಜಿ, ಅದಕ್ಕೆ ಕಡ್ಡಿಪುಡಿ ಬೆರೆಸಿ, ಹತ್ತಿಯಲ್ಲಿ ಸುತ್ತಿ, ಹುಳುಕು ಹಲ್ಲಿನ ತೂತಿಗೆ ಬೆರಳಿನಿಂದ ಒತ್ತುತ್ತಿದ್ದಳು. ಸ್ವಲ್ಪ ಹೊತ್ತಿಗೆ ವಸಡು ಮರಗಟ್ಟಿ ಅಳು ನಿಲ್ಲುತ್ತಿತ್ತು. ಮಗು ಬೆವರುತ್ತಿತ್ತು, ತಲೆ ತಿರುಗಿ ಗೋಡೆಗೆ ಒರಗುತ್ತಿತ್ತು, ಕೆಲವು ಅಂಗಳಕ್ಕೆ ಓಡಿ ವಾಂತಿ ಮಾಡುತ್ತಿದ್ದವು. ತಾಯಂದಿರು ಗಾಬರಿಯಾದರೆ ಅಜ್ಜಿಯ ಉತ್ತರ ಸಿದ್ಧವಿತ್ತು.

“ಹಲ್ಲಿನ ಹುಳ ಸಾಯ್ತಾ ಐತೆ ಕಣವ್ವ. ಸಾಯೋವಾಗ ಅದು ಒದ್ದಾಡ್ತೈತೆ, ಅದಕ್ಕೇ ಮಗೀಗೆ ತಲೆ ತಿರುಗ್ತೈತೆ. ಮಲಗಿಸ್ರಿ, ಸರಿಹೋಗ್ತೈತೆ.”

ಓಣಿಗೆ ಓಣಿಯೇ ಇದನ್ನು ನಂಬಿತ್ತು. ಹೆಚ್ಚು ವಾಂತಿಯಾದರೆ ದೊಡ್ಡ ಹುಳ ಎಂದು ಲೆಕ್ಕ. ತನ್ನ ಮಗನ ಹುಳ ಎಷ್ಟು ದೊಡ್ಡದಿತ್ತು ಎಂದು ನಲ್ಲಿಯ ಹತ್ತಿರ ಜಂಬ ಕೊಚ್ಚಿಕೊಳ್ಳುತ್ತಿದ್ದ ಹೆಂಗಸರನ್ನು ನಾನೇ ಕೇಳಿದ್ದೇನೆ. ಅಜ್ಜಿ ಯಾರ ಹತ್ತಿರವೂ ಒಂದು ಪೈಸೆ ತೆಗೆದುಕೊಂಡವಳಲ್ಲ. ನೋವು ಎಂದು ಬಂದವರನ್ನು ಬರಿಗೈಲಿ ಕಳಿಸಬಾರದು ಎನ್ನುವುದೊಂದೇ ಅವಳಿಗೆ ಗೊತ್ತಿದ್ದದ್ದು. ನೋವು ಹೋದ ಮೇಲೂ ಕೆಲವು ದೊಡ್ಡ ಹುಡುಗರು ಕೆನ್ನೆ ಹಿಡಿದು ಬರುತ್ತಿದ್ದರು. ಹುಳ ಪೂರ್ತಿ ಸತ್ತಿಲ್ಲ ಎಂದು ಅಜ್ಜಿ ಇನ್ನೊಂದು ಚಿಟಿಕೆ ಕೊಡುತ್ತಿದ್ದಳು. ಆ ಹುಡುಗರಿಗೆ ನೋವೇ ಇರಲಿಲ್ಲ ಎಂಬುದು ನನಗೆ ಬಹಳ ಕಾಲದ ಮೇಲೆ ಹೊಳೆಯಿತು.

ಈಗ ನಿವೃತ್ತಳಾದ ಮೇಲೆ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಸುತ್ತಿನ ಶಾಲೆಗಳಿಗೆ ಹೋಗಿ ಮಕ್ಕಳಿಗೆ ತಂಬಾಕಿನ ಪಾಠ ಹೇಳುವುದನ್ನು ನನ್ನ ಕೆಲಸ ಮಾಡಿಕೊಂಡಿದ್ದೇನೆ. ಯಾರೂ ಒಪ್ಪಿಸಿದ ಕೆಲಸವಲ್ಲ. ಕೆಲವು ಮುಖ್ಯೋಪಾಧ್ಯಾಯರು ನನ್ನನ್ನು ಗೇಟಿನಲ್ಲಿ ಕಂಡ ಕೂಡಲೇ ಪರೀಕ್ಷೆ ಹತ್ತಿರ ಬಂತಲ್ಲ ಮೇಡಂ ಎಂದು ರಾಗ ಎಳೆಯುತ್ತಾರೆ. ಒಂದು ಪೀರಿಯಡ್ಡು ಸಿಗುವ ತನಕ ನಾನು ಸ್ಟಾಫ್ ರೂಮಿನ ಕುರ್ಚಿ ಬಿಟ್ಟು ಏಳುವುದಿಲ್ಲ. ಶಾಲೆಯ ಎದುರಿನ ಅಂಗಡಿಯಲ್ಲಿ ಬಣ್ಣಬಣ್ಣದ ಪ್ಯಾಕೆಟ್ಟುಗಳು ತೋರಣದ ಹಾಗೆ ನೇತಾಡುವಾಗ, ಒಳಗೆ ಪರೀಕ್ಷೆಯ ಮಾತಾಡಿಕೊಂಡು ಕೂತರೆ ಹೇಗೆ? ಹೋದ ವರ್ಷ ಮತ್ತೋಡಿನ ಶಾಲೆಯಲ್ಲಿ ಪಾಠ ಮುಗಿದ ಮೇಲೆ ಒಬ್ಬಳು ಹುಡುಗಿ ಎದ್ದು, ತಿನ್ನುವವರೆಲ್ಲ ಕೆಟ್ಟವರಾ ಎಂದು ಕೇಳಿದಳು. ಅವಳ ಅಜ್ಜ ತಿನ್ನುತ್ತಾನಂತೆ, ಅವಳಿಗೆ ಅಜ್ಜ ಎಂದರೆ ಪ್ರಾಣವಂತೆ. ಅಲ್ಲಮ್ಮ, ಕೆಟ್ಟವರಲ್ಲ ಎಂದೆ. ಆದರೆ ಪೂರ್ತಿ ಹೇಳಲು ಆ ಪೀರಿಯಡ್ಡು ಸಾಲಲಿಲ್ಲ. ಉಳಿದದ್ದನ್ನು ಅವಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅವ್ವ ಆ ಮನೆಗೆ ಸೊಸೆಯಾಗಿ ಬಂದಾಗ ಎಲೆ ಅಡಿಕೆಯನ್ನೂ ಹಾಕುತ್ತಿರಲಿಲ್ಲವಂತೆ. ನಾನು ಹೊಟ್ಟೆಯಲ್ಲಿದ್ದಾಗ ಅವಳಿಗೆ ದವಡೆ ಹಲ್ಲು ನೋಯಲು ಶುರುವಾಯಿತು. ಬಸುರಿ ಹೆಂಗಸು ಊಟ ಬಿಟ್ಟು ಮಲಗಿದ್ದನ್ನು ನೋಡಲಾರದೆ ಅಜ್ಜಿ ತನ್ನ ಔಷಧಿಯನ್ನೇ ಮಾಡಿದಳು. ನೋವು ಹೋಯಿತು, ಚಿಟಿಕೆ ಉಳಿಯಿತು. ನಾನು ಕಣ್ಣು ಬಿಡುವ ಹೊತ್ತಿಗೆ ಅದು ಮನೆಯ ಪದ್ಧತಿಯೇ ಆಗಿಹೋಗಿತ್ತು. ಮಧ್ಯಾಹ್ನ ಅಪ್ಪ ಉಂಡು ಶಾಪಿಗೆ ಹೋದ ಮೇಲೆ, ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅವ್ವ ಪಡಸಾಲೆಗೆ ಬರುತ್ತಿದ್ದಳು. ಅಜ್ಜಿ ಎಲೆಯ ನಾರು ತೆಗೆದು, ಸುಣ್ಣ ಸವರಿ, ಅಡಿಕೆ ಇಟ್ಟು, ಕಡ್ಡಿಪುಡಿ ಉದುರಿಸಿ, ಮಡಚಿ ಸೊಸೆಯ ಕೈಗೆ ಕೊಡುತ್ತಿದ್ದಳು. ಅವ್ವನಿಗೆ ತನ್ನದೇ ಸಂಚಿ ಇರಲಿಲ್ಲ. ಅತ್ತೆಯ ಕೈಯಿಂದಲೇ ಬರಬೇಕು. ಬೆಳಗಿನಿಂದ ಸಾರಿಗೆ ಉಪ್ಪು ಹೆಚ್ಚಾಯಿತು, ಹಿಟ್ಟು ಗಂಟಾಯಿತು ಎಂದು ಕಿತ್ತಾಡಿಕೊಂಡವರು ಆ ಹೊತ್ತಿನಲ್ಲಿ ಅಕ್ಕತಂಗಿಯರ ಹಾಗೆ ಕೂತು ನಗುತ್ತಿದ್ದರು. ನಮ್ಮ ಮನೆಯಲ್ಲಿ ಅತ್ತೆ ಸೊಸೆಯರ ಪ್ರೀತಿ ಇದ್ದದ್ದು ಆ ಎಲೆಯ ಮಡಿಕೆಯೊಳಗೆ. ಇದನ್ನು ಹೇಳದೆ ಮುಂದಿನದನ್ನು ಹೇಳಿದರೆ ನನ್ನ ಅಜ್ಜಿಗೆ ಅನ್ಯಾಯವಾಗುತ್ತದೆ.

ಅವ್ವ ಯಾವಾಗಿನಿಂದ ಸಣ್ಣ ತುತ್ತು ಉಣ್ಣತೊಡಗಿದಳೋ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಲೆಯ ಮುಂದೆ ಒಬ್ಬಳೇ ಕೂತು ಉಣ್ಣುವವಳ ತುತ್ತು ಯಾರ ಕಣ್ಣಿಗೆ ಬೀಳುತ್ತದೆ? ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದು ನಮ್ಮ ಊಟ. ಅವ್ವ ಮುದ್ದೆಯನ್ನು ಸಾರಿನಲ್ಲಿ ಕದಡಿಕೊಂಡು ಕುಡಿಯುತ್ತಿದ್ದಳು. ಖಾರ ತಾಗಿದರೆ ಬಾಯಿ ಉರಿಯುತ್ತದೆ ಎಂದು ತನಗೆ ಬೇರೆ ಸಪ್ಪೆ ಸಾರು ಎತ್ತಿಟ್ಟುಕೊಳ್ಳುತ್ತಿದ್ದಳು. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಅದನ್ನು ನಾಚಿಕೆ ಎಂದುಕೊಂಡು ಓಣಿಯ ಹೆಂಗಸರು ಹೊಗಳುತ್ತಿದ್ದರು. ಇವೆಲ್ಲ ಆಮೇಲೆ ನೆನಪಿಸಿಕೊಂಡಾಗ ಜೋಡಿಸಿಕೊಂಡದ್ದು. ಆಗ ನನಗೆ ಕಂಡದ್ದು ಊಟ ಮುಗಿಸಲು ಬಹಳ ಹೊತ್ತು ತೆಗೆದುಕೊಳ್ಳುವ ಒಬ್ಬ ಅವ್ವ, ಅಷ್ಟೆ.

ನಾನು ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳಲ್ಲಿದ್ದಾಗ ಹಿರಿಯೂರು ಕಡೆಯಿಂದ ವಸಂತಾ ಮಿಸ್ ವರ್ಗವಾಗಿ ಬಂದರು. ತೆಳ್ಳಗೆ, ಎತ್ತರಕ್ಕೆ ಇದ್ದರು, ಬೆತ್ತ ಹಿಡಿಯುತ್ತಿರಲಿಲ್ಲ, ಆದರೆ ಅವರು ಬೋರ್ಡಿನ ಕಡೆ ತಿರುಗಿದಾಗಲೂ ನಾವು ಪಿಸುಗುಡುತ್ತಿರಲಿಲ್ಲ. ಒಂದು ದಿನ ವಿಜ್ಞಾನದ ಪೀರಿಯಡ್ಡಿನಲ್ಲಿ ಪುಸ್ತಕ ಮುಚ್ಚಿಸಿ, ತಮ್ಮ ಅಣ್ಣನ ವಿಷಯ ಹೇಳಿದರು. ಲಾರಿ ಓಡಿಸುತ್ತಿದ್ದ ಅಣ್ಣ, ನಿದ್ದೆ ಬರಬಾರದೆಂದು ಹೊಗೆಸೊಪ್ಪು ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದ ಅಣ್ಣ, ಬಾಯಿಯ ಹುಣ್ಣು ಮಾಯದೆ ಸತ್ತುಹೋದ ಅಣ್ಣ. ಅವರ ಧ್ವನಿ ನಡುಗಲಿಲ್ಲ. ನಡುಗಬಾರದೆಂದು ಮೊದಲೇ ತೀರ್ಮಾನ ಮಾಡಿಕೊಂಡು ಬಂದವರ ಹಾಗೆ ಹೇಳಿದರು. ಆಮೇಲೆ ಮಧ್ಯದ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವಂತೆ ನೆಟ್ಟಗೆ ಹಿಡಿದು, ಬಾಯಿ ಅಗಲಿಸಿ ಒಳಗೆ ಹಾಕಿ ತೋರಿಸಿದರು. ಸರಿಯಿರುವ ಬಾಯಿಗೆ ಅವರವರದೇ ಮೂರು ಬೆರಳು ಸಲೀಸಾಗಿ ಹೋಗಬೇಕಂತೆ. ತಂಬಾಕು, ಅಡಿಕೆ ತಿಂದು ತಿಂದು ಕೆನ್ನೆಯ ಒಳಗು ಬಿಗಿದುಕೊಂಡವರಿಗೆ ಹೋಗುವುದಿಲ್ಲವಂತೆ. ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಂತೆ. ಮನೆಯವರೆಲ್ಲರ ಬಾಯಿ ನೋಡಿಕೊಂಡು ಬರುವುದೇ ನಮಗೆ ಮನೆಗೆಲಸ.

ಅಂಥ ಖುಷಿಯ ಮನೆಗೆಲಸ ನಮಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಸಂಜೆ ಓಣಿಯ ತುಂಬ ಬಾಯಿ ತೆಗೆದವರೇ. ಮೊದಲು ಅಪ್ಪನನ್ನು ಹಿಡಿದೆ. ಟ್ಯೂಬಿಗೆ ಹಚ್ಚುವ ಸಲ್ಯೂಷನ್ ವಾಸನೆಯ ಬೆರಳುಗಳನ್ನು ಬಾಯಿಗೆ ಹಾಕಿಕೊಂಡು ಅಪ್ಪ ಪಾಸಾದ. ತಾನು ತಿನ್ನುವವನಲ್ಲ, ಸೇದುವವನು ಎಂದು ನಗುತ್ತಾ ಬೀಡಿ ಹಚ್ಚಿದ. ಅದನ್ನು ಬಿಡಿಸಲು ನನಗೆ ಮುಂದೆ ಕೆಲವು ವರ್ಷ ಹಿಡಿದವು; ಅದು ಬೇರೆ ಯುದ್ಧ. ಅವ್ವ ಮಾತ್ರ ಕೈಗೆ ಸಿಗಲಿಲ್ಲ. ಹಿಟ್ಟು ನಾದಬೇಕು, ಬಟ್ಟೆ ತರಬೇಕು, ಒಲೆ ಉರಿಯುತ್ತಿದೆ. ನಾನು ಹಟಮಾರಿ ಎಂದು ನನ್ನ ಸೊಸೆ ಇವತ್ತಿಗೂ ದೂರುತ್ತಾಳೆ, ಅವಳು ಹೇಳುವುದು ಸುಳ್ಳಲ್ಲ. ಆ ಸಂಜೆ, ಮರುದಿನ ಬೆಳಿಗ್ಗೆ, ಅವ್ವನ ಬೆನ್ನು ಬಿಡಲಿಲ್ಲ. ಶಾಲೆಗೆ ಹೊರಡುವ ಮುಂಚೆ ಅವಳು ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದಾಗ, ಒಂದು ಜಡೆ ಮುಗಿಯುತ್ತಲೇ ಸರಕ್ಕನೆ ತಿರುಗಿ, ಅವಳ ಕೈಯನ್ನು ಹಿಡಿದು ಅವಳ ಬೆರಳುಗಳನ್ನು ಅವಳ ಬಾಯಿಗೆ ಒಯ್ದೆ. ಅವ್ವ ಬಾಯಿ ತೆರೆದಳು, ತೆರೆಯಲು ಪ್ರಯತ್ನಪಟ್ಟಳು ಎನ್ನಬೇಕು. ಒಂದು ಬೆರಳು ಹೋಯಿತು. ಎರಡನೆಯದು ಹಲ್ಲಿಗೆ ತಗುಲಿ ನಿಂತಿತು. ಅವಳು ಕೈ ಇಳಿಸಿ, ನನ್ನ ಕಡೆ ನೋಡದೆ ಹೇಳಿದಳು.

“ಯಾರಿಗೂ ಹೇಳಬ್ಯಾಡ ಗಿರಿಜಿ. ಅಜ್ಜಿಗೆ ಬೇಜಾರಾಗ್ತೈತೆ.”

ನನಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ತನ್ನ ಬಾಯಿ ಮುಚ್ಚಿಹೋಗುತ್ತಿರುವಾಗ ಅತ್ತೆಯ ಬೇಜಾರಿನ ಲೆಕ್ಕ ಹಾಕುವ ಹೆಂಗಸಿನ ಮೇಲೆ ಸಿಟ್ಟು. ಒಂದು ಜಡೆ ಹೆಣೆದು ಒಂದು ಕಡೆ ಕೂದಲು ಕೆದರಿಕೊಂಡೇ ಓಣಿಯಲ್ಲಿ ಓಡಿ ಅಪ್ಪನ ಮುಂದೆ ನಿಂತೆ. ಅಪ್ಪ ಚಕ್ರ ಬಿಚ್ಚಿದ್ದ ಸೈಕಲ್ಲನ್ನು ಹಾಗೇ ಮಲಗಿಸಿ ಮನೆಗೆ ಬಂದ.

ಅವತ್ತು ನಮ್ಮ ಮನೆಯಲ್ಲಿ ಆದ ಜಗಳ ಓಣಿಯ ಎರಡು ತುದಿಗೂ ಕೇಳಿಸಿರಬೇಕು. ಅಪ್ಪ ಅವ್ವನನ್ನು ಬೈದ, ಮೊದಲೇ ಯಾಕೆ ಹೇಳಲಿಲ್ಲ ಎಂದು. ಅಜ್ಜಿ ನನ್ನನ್ನು ಬೈದಳು. ಶಾಲೆಗೆ ಕಳಿಸಿದ್ದು ಮನೆಯವರ ಬಾಯಿ ಅಳೆಯುವುದನ್ನು ಕಲಿಯಲಿ ಎಂದೇನು, ತನ್ನ ಕೈಯಿಂದ ಎಷ್ಟು ಮಕ್ಕಳಿಗೆ ವಾಸಿಯಾಗಿದೆ ಎಂದು ನಿನ್ನೆ ಬಂದ ಆ ಮಿಸ್ಸಿಗೆ ಏನು ಗೊತ್ತು ಎಂದಳು. ತಾನು ಕೊಟ್ಟದ್ದರಿಂದ ಸೊಸೆಗೆ ಹೀಗಾಯಿತು ಎನ್ನುವುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದಿದ್ದರೂ ಅಜ್ಜಿ ಅದಕ್ಕೇ ಉತ್ತರ ಕೊಡುತ್ತಿದ್ದಳು. ಅವತ್ತು ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಅವ್ವ ಪಡಸಾಲೆಗೆ ಬರಲಿಲ್ಲ. ಅಜ್ಜಿ ಎಲೆ ಮಡಚಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಅಪ್ಪ ಅವ್ವನನ್ನು ಜಿಲ್ಲಾ ಕೇಂದ್ರವಾದ ದುರ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ನಾನೂ ಹಟ ಮಾಡಿ ಹೋದೆ. ಡಾಕ್ಟರು ಅವ್ವನ ಕೆನ್ನೆಯ ಒಳಗೆ ದೀಪ ಬಿಟ್ಟು ನೋಡುತ್ತಿದ್ದಾಗ ಅವರ ಮುಖದಲ್ಲಿದ್ದ ಮಾಮೂಲಿ ಕಳೆ ಹೋಗಿ, ಹುಬ್ಬು ಸ್ವಲ್ಪ ಗಂಟಿಕ್ಕಿತು. ಬಿಗಿದ ಕೆನ್ನೆಯ ಜೊತೆಗೆ ಅಲ್ಲಿ ಒಂದು ಬಿಳಿ ಮಚ್ಚೆಯೂ ಇತ್ತು. ಅದರ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅದರ ಫಲಿತಾಂಶ ಬರುವ ತನಕ ಅಪ್ಪ ಶಾಪಿನಲ್ಲಿ ಏನು ರಿಪೇರಿ ಮಾಡಿದನೋ, ಆ ಸೈಕಲ್ಲುಗಳೆಲ್ಲ ವಾಪಸ್ಸು ಬಂದವು. ಇನ್ನೂ ಕ್ಯಾನ್ಸರ್ ಆಗಿಲ್ಲ ಎಂದು ತಿಳಿಯಿತು. ಬಿಡದಿದ್ದರೆ ಆಗುವ ದಾರಿಯಲ್ಲಿದೆ ಎಂದೂ ತಿಳಿಯಿತು. ಕಡ್ಡಿಪುಡಿ ಬಿಡಬೇಕು, ಅಡಿಕೆಯನ್ನೂ ಬಿಡಬೇಕು ಎಂದರು ಡಾಕ್ಟರು. ವಾಪಸ್ಸು ಬರುವ ಬಸ್ಸಿನಲ್ಲಿ ಅಪ್ಪ, ಅಡಿಕೆಯ ವಿಷಯ ಊರಲ್ಲಿ ಹೇಳಬೇಡ ಎಂದು ನನಗೆ ತಾಕೀತು ಮಾಡಿದ. ಅಡಿಕೆಯ ವ್ಯಾಪಾರವೇ ನಡೆಯುವ ಮಾರ್ಕೆಟ್ ಯಾರ್ಡಿನ ಹಿಂದೆ ಮನೆ ಇಟ್ಟುಕೊಂಡು ಅಡಿಕೆಯನ್ನು ಬೈಯುವುದು ಹೇಗೆ ಎಂಬುದು ಅವನ ಕಷ್ಟ. ಈಗ ಶಾಲೆಗಳಲ್ಲಿ ನಾನು ಆ ಮಾತನ್ನೂ ಹೇಳುತ್ತೇನೆ, ಹಿಂದೆ ಕೂತ ಮುಖ್ಯೋಪಾಧ್ಯಾಯರು ಅಲ್ಲಿಗೆ ಸರಿಯಾಗಿ ಕೆಮ್ಮುತ್ತಾರೆ.

ಬಾಯಿ ಮತ್ತೆ ಅಗಲವಾಗಲು ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದರು. ಐಸ್‌ಕ್ಯಾಂಡಿಯ ಕಡ್ಡಿಗಳನ್ನು ತೊಳೆದು, ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟುಕೊಳ್ಳಬೇಕು. ಸ್ವಲ್ಪ ದಿನಕ್ಕೆ ಇನ್ನೊಂದು ಕಡ್ಡಿ ತೂರಿಸಬೇಕು. ಹೀಗಾಗಿ ಅವ್ವನ ಔಷಧಿಗಾಗಿ ಐಸ್‌ಕ್ಯಾಂಡಿ ತಿನ್ನುವುದು ನನ್ನ ಕರ್ತವ್ಯವಾಯಿತು, ನಾನು ಅದನ್ನು ನಿಷ್ಠೆಯಿಂದ ಮಾಡಿದೆ. ಆದರೆ ಅವ್ವ ಕಡ್ಡಿ ಕಚ್ಚಿಕೊಂಡು ಕೂತಾಗ ಅವಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕಡ್ಡಿಪುಡಿ ಬಿಟ್ಟದ್ದರ ಚಡಪಡಿಕೆ ಬೇರೆ. ಮಧ್ಯಾಹ್ನದ ಆ ಹೊತ್ತಿಗೆ ಅವಳು ಪಡಸಾಲೆಯ ಬಾಗಿಲ ತನಕ ಬಂದು, ನಿಂತು, ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿಕೊಂಡು ಓಡಾಡುವುದನ್ನು ನೋಡಿ, ಇದನ್ನೆಲ್ಲ ಶುರು ಮಾಡಿದವಳು ನಾನೇ ಅಲ್ಲವೇ ಎಂದು ಅಳು ಬರುತ್ತಿತ್ತು. ಆದರೂ ಮಾಡಬಾರದಿತ್ತು ಎಂದು ಒಂದು ದಿನವೂ ಅನ್ನಿಸಲಿಲ್ಲ.

ಇಷ್ಟೆಲ್ಲ ಆದರೂ ಕೆನ್ನೆ ಹಿಡಿದವರು ಬರುವುದು ನಿಂತಿರಲಿಲ್ಲ, ಅಜ್ಜಿ ಕೊಡುವುದೂ ನಿಂತಿರಲಿಲ್ಲ. ದಿನಾ ತಿಂದು ಸೊಸೆಗೆ ಹಾಗಾಗಿರಬಹುದು, ಹಲ್ಲುನೋವಿಗೆ ಒಂದು ಸಲ ಒತ್ತಿದರೆ ಏನಾಗುತ್ತದೆ ಎಂಬುದು ಅವಳ ವಾದ. ಒಂದು ಬೆಳಿಗ್ಗೆ ಎದುರು ಮನೆಯ ನಾಗವೇಣಿಯನ್ನು ಅವಳ ತಾಯಿ ಎಳೆದುಕೊಂಡು ಬಂದಳು. ನನಗಿಂತ ಚಿಕ್ಕ ಹುಡುಗಿ, ದವಡೆ ಊದಿ ಒಂದು ಕಣ್ಣು ಮುಚ್ಚಿತ್ತು. ಅಜ್ಜಿ ಸಂಚಿ ಬಿಚ್ಚಿದಳು. ನಾನು ಹೋಗಿ ಚಾಪೆಗೂ ನಾಗವೇಣಿಗೂ ನಡುವೆ ಕೂತೆ. ಏಳು ಎಂದಳು ಅಜ್ಜಿ. ಏಳಲಿಲ್ಲ. ಬೆನ್ನಿಗೆ ಒಂದು ಏಟು ಬಿತ್ತು, ಜೀವಮಾನದಲ್ಲಿ ಅಜ್ಜಿ ನನಗೆ ಹೊಡೆದದ್ದು ಅದೊಂದೇ. ಆಗಲೂ ಏಳಲಿಲ್ಲ. ನಾಗವೇಣಿಯ ತಾಯಿ ಏನು ಮಾಡಬೇಕೋ ತಿಳಿಯದೆ ನಿಂತಿದ್ದಳು. ಗಲಾಟೆ ಕೇಳಿ ಅವ್ವ ಒಳಗಿನಿಂದ ಬಂದಳು, ಬಾಯಲ್ಲಿದ್ದ ಕಡ್ಡಿಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಬಿಗಿದ ಬಾಯಿಂದ ಮಾತು ಸ್ಪಷ್ಟವಾಗಿ ಬರಲಿ ಎಂದು ನಿಧಾನವಾಗಿ ಆಡಿದಳು.

“ಅತ್ತೆ, ನಂಗೂ ಹಲ್ಲುನೋವಿಗೇ ಕೊಟ್ಟಿದ್ರಿ.”

ಅವಳ ಧ್ವನಿಯಲ್ಲಿ ದೂರು ಇರಲಿಲ್ಲ. ಅದಕ್ಕೇ ಇರಬೇಕು, ಅಜ್ಜಿಗೆ ತಿರುಗಿ ಬೈಯಲು ಆಗಲಿಲ್ಲ. ಬಿಚ್ಚಿದ ಸಂಚಿಯನ್ನು ನೋಡಿದಳು, ನಾಗವೇಣಿಯ ಊದಿದ ಕೆನ್ನೆಯನ್ನು ನೋಡಿದಳು. ಇವತ್ತು ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲಿ, ನಾಳೆ ಕರೆದುಕೊಂಡು ಬಾ ಎಂದು ತಾಯಿಗೆ ಹೇಳಿ ಕಳಿಸಿದಳು. ಆಮೇಲೆ ನನ್ನನ್ನು ಕರೆದು, ನಿಮ್ಮ ಮಿಸ್ಸು ನನ್ನನ್ನು ಶಾಲೆಯೊಳಗೆ ಬಿಡ್ತಾಳೇನು ಎಂದು ಕೇಳಿದಳು. ಮಿಸ್ಸಿಗೆ ಬೈಯಲು ಹೊರಟಿದ್ದಾಳೆ ಎಂದೇ ನಾನು ತಿಳಿದೆ. ಆದರೂ ಕರೆದುಕೊಂಡು ಹೋದೆ.

ತರಗತಿಯ ಬಾಗಿಲಲ್ಲಿ ಅಜ್ಜಿ ಗುಡಿಯ ಮುಂದೆ ಬಿಡುವ ಹಾಗೆ ಚಪ್ಪಲಿ ಬಿಟ್ಟಳು. ವಸಂತಾ ಮಿಸ್ ಕುರ್ಚಿ ಕೊಟ್ಟರು, ಕೂರಲಿಲ್ಲ. ಹಲ್ಲಿನ ಹಾಲಮ್ಮನನ್ನು ಕಂಡು ಮಕ್ಕಳೆಲ್ಲ ಖುಷಿಯಿಂದ ಗುಜುಗುಜು ಎಂದರು, ಎಲ್ಲರಿಗೂ ಗೊತ್ತಿದ್ದ ಮುಖ. ತನ್ನ ಕೈಯಿಂದ ಹಲ್ಲಿಗೆ ಔಷಧಿ ಹಾಕಿಸಿಕೊಂಡವರು ಯಾರು ಯಾರು, ಕೈ ಎತ್ತಿ ಎಂದಳು ಅಜ್ಜಿ. ಒಂದೊಂದೇ ಕೈ ಮೇಲೆದ್ದವು. ಅರ್ಧ ತರಗತಿಗಿಂತ ಹೆಚ್ಚು. ಕೆಲವರು ಹೆಮ್ಮೆಯಿಂದ ಎರಡೂ ಕೈ ಎತ್ತಿದ್ದರು. ನಾನೂ ಎತ್ತಿದೆ, ಸುಳ್ಳು ಹೇಳುವುದು ಹೇಗೆ? ಅಜ್ಜಿ ಆ ಕೈಗಳನ್ನು ನೋಡುತ್ತಾ ನಿಂತಳು. ಅಷ್ಟೊಂದು ಇರುತ್ತವೆ ಎಂದು ಅವಳು ಎಣಿಸಿರಲಿಲ್ಲ ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು.

“ಅದು ಔಷಧಿ ಅಲ್ಲ ಕಣ್ರಪ್ಪ. ಹುಳ ಅಂತಿದ್ನಲ್ಲ, ಹುಳಾನೂ ಇರಲಿಲ್ಲ. ನಿಮ್ಗೆ ತಲೆ ತಿರುಗ್ತಿದ್ದಿದ್ದು ಆ ಪುಡಿಗೆ. ನನ್ ಸೊಸೆಗೂ ಅದನ್ನೇ ಕೊಟ್ಟೆ, ಈಗ ಅವಳ ಬಾಯಿಗೆ ತುತ್ತು ಹೋಗ್ತಿಲ್ಲ. ಮನೇಲಿ ಹೇಳ್ರಿ, ಹಾಲಮ್ಮನೇ ಹಿಂಗಂದ್ಲು ಅಂತ. ಇನ್ಮ್ಯಾಲೆ ಹಲ್ಲು ನೋವು ಅಂದೋರ್ನ ನಾನೇ ದುರ್ಗಕ್ಕೆ ಕರ್ಕಂಡು ಹೋಗ್ತೀನಿ.”

ಎತ್ತಿದ ಕೈಗಳನ್ನು ಇಳಿಸುವುದನ್ನು ಮಕ್ಕಳು ಮರೆತಿದ್ದರು. ವಸಂತಾ ಮಿಸ್ ಮೇಜಿನ ಅಂಚು ಹಿಡಿದು ನಿಂತಿದ್ದರು, ಅವರ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅವತ್ತು, ಅಜ್ಜಿಗೆ ಥ್ಯಾಂಕ್ಸ್ ಹೇಳುವಾಗ. ಆ ಮಧ್ಯಾಹ್ನ ಅಜ್ಜಿ ಸಂಚಿಯನ್ನು ಒಲೆಗೆ ಹಾಕಿದಳು. ಅದು ಹೊಗೆಯಾಡಿದ ರೀತಿಗೆ ನಾವೆಲ್ಲ ಕೆಮ್ಮುತ್ತಾ ಹೊರಗೆ ಓಡಿದೆವು. ಆಮೇಲೆ ಅವ್ವ ಪಾತ್ರೆ ತೊಳೆದು ಪಡಸಾಲೆಗೆ ಬಂದು ಕೂತಳು, ಕಡ್ಡಿಗಳನ್ನು ಬಾಯಿಗೆ ಇಟ್ಟುಕೊ ಎಂದು ಅಜ್ಜಿ ಎತ್ತಿಕೊಟ್ಟಳು. ಮುಂದೆ ಅವ್ವನಿಗೆ ಪೂರ್ತಿ ಅಲ್ಲದಿದ್ದರೂ ಉಣ್ಣುವಷ್ಟು, ನಗುವಷ್ಟು ಬಾಯಿ ತೆರೆಯಿತು. ಅವಳು ನನ್ನ ಮಕ್ಕಳನ್ನೂ ಆಡಿಸಿಯೇ ಹೋದಳು.

ಹೇಳಿದ ಮಾತಿನಂತೆ ಅಜ್ಜಿ, ಶಾಲೆಗೆ ಬಂದು ಹೋದ ಮರುದಿನವೇ, ನಾಗವೇಣಿಯನ್ನು ಕರೆದುಕೊಂಡು ದುರ್ಗದ ಬಸ್ಸು ಹತ್ತಿದಳು. ಬೋರ್ಡು ಓದಲು ನಾನು ಜೊತೆಗೆ. ತನ್ನ ಮಕ್ಕಳನ್ನೆಲ್ಲ ಮನೆಯಲ್ಲೇ ಹೆತ್ತವಳು, ಅದುವರೆಗೆ ಆಸ್ಪತ್ರೆಯ ಹೊಸ್ತಿಲು ತುಳಿದವಳಲ್ಲ. ಹಲ್ಲಿನ ವಿಭಾಗದಲ್ಲಿ ಅವ್ವನನ್ನು ನೋಡಿದ ಡಾಕ್ಟರೇ ಇದ್ದರು. ದೊಡ್ಡ ಕುರ್ಚಿ, ಅದರ ಮೇಲಿನ ದೀಪ, ತಟ್ಟೆಯಲ್ಲಿ ಜೋಡಿಸಿದ ಇಕ್ಕಳಗಳನ್ನು ಕಂಡು ನಾಗವೇಣಿ ಬಾಗಿಲ ಚೌಕಟ್ಟು ಹಿಡಿದುಕೊಂಡವಳು ಬಿಡಲೇ ಇಲ್ಲ. ನರ್ಸು ಕರೆದರು, ನಾನು ಎಳೆದೆ, ಅವಳು ಚೀರಿದಳು. ಅಜ್ಜಿ ನಮ್ಮನ್ನೆಲ್ಲ ಸರಿಸಿ, ತಾನೇ ಹೋಗಿ ಸೀರೆ ಎತ್ತಿಕಟ್ಟಿಕೊಂಡು ಆ ಕುರ್ಚಿ ಹತ್ತಿ ಕೂತಳು. ಡಾಕ್ಟರು ನಕ್ಕು, ನಿಮಗೆ ಹಲ್ಲೇ ಇಲ್ಲವಲ್ಲ ಅಜ್ಜಿ ಎಂದರು. ಇಲ್ಲದಿದ್ದರೇನು, ನೋಡ್ರಿ, ಹುಡುಗಿಗೆ ಧೈರ್ಯ ಬರಲಿ ಎಂದು ಅಜ್ಜಿ ಬಾಯಿ ತೆರೆದಳು.

ಡಾಕ್ಟರು ನಾಗವೇಣಿಗೆ ಕಾಣುವ ಹಾಗೆ, ಆಟವಾಡುವವರಂತೆ ದೀಪ ಎಳೆದು ಅಜ್ಜಿಯ ಬಾಯಿಯಲ್ಲಿ ಕನ್ನಡಿ ಇಟ್ಟರು. ನಾಲಿಗೆ ಸರಿಸಿದರು. ಅವರ ನಗು ಅಲ್ಲಿಗೇ ನಿಂತಿತು. ದೀಪವನ್ನು ಇನ್ನಷ್ಟು ಹತ್ತಿರ ತಂದು, ನಾಲಿಗೆಯ ಅಡಿಯಲ್ಲಿ ಒತ್ತಿ ನೋಡಿದರು. ಈ ಹುಣ್ಣು ಎಷ್ಟು ದಿನದಿಂದ ಇದೆ, ನೋಯುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಅವ್ವನ ಕೆನ್ನೆ ನೋಡಿದ ದಿನ ಅವರ ಮುಖ ಹೇಗಾಗಿತ್ತೋ ನನಗೆ ನೆನಪಿತ್ತು. ಇವತ್ತು ಅದಕ್ಕಿಂತ ಕೆಟ್ಟದಾಗಿತ್ತು. ಅಜ್ಜಿಗೂ ಅರ್ಥವಾಯಿತು ಎಂದು ನನಗೆ ಗೊತ್ತು, ಏಕೆಂದರೆ ಅವಳು ಒಂದು ಕ್ಷಣ ನನ್ನ ಕಡೆ ನೋಡಿದಳು. ಡಾಕ್ಟರು ಏನೋ ಹೇಳಲು ಹೊರಟಾಗ ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ನಂದು ಆಮ್ಯಾಲೆ ನೋಡ್ರಿ. ಮೊದ್ಲು ಈ ಮಗೀದು ನೋಡ್ರಿ, ನೋವಿಗೆ ನಿದ್ದೇನೇ ಮಾಡಿಲ್ಲ.”

ಕುರ್ಚಿಯಿಂದ ಇಳಿದು, ಕೂತ ಜಾಗವನ್ನು ಸೆರಗಿನಿಂದ ಒರೆಸಿದಳು. ನಾಗವೇಣಿಯ ಬೆರಳುಗಳನ್ನು ಚೌಕಟ್ಟಿನಿಂದ ಒಂದೊಂದಾಗಿ ಬಿಡಿಸಿ, ಎತ್ತಿ ಕೂರಿಸಿ, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನೋಡಿದ್ಯೇನೇ, ನಂಗೇನೂ ಆಗ್ಲಿಲ್ಲ. ಬಾಯಿ ತೆಗಿ.”

ನಾಗವೇಣಿ ಬಾಯಿ ತೆರೆದಳು.